ಅಣ್ಣ ಹೇಳಿದ ಯುದ್ಧ

ರಬಕವಿಯ ಮಲಕಾಜಪ್ಪನಿಗೆ ಟಿವಿಯ ಗೀಳು ಎಂದೂ ಇರಲಿಲ್ಲ. ಹೆಂಡತಿ ನಂದಾ ಸಂಜೆ ಹಚ್ಚಿಕೊಂಡು ಕೂಡುವ ಧಾರಾವಾಹಿಗಳಲ್ಲಿ ಯಾರು ಅತ್ತೆ, ಯಾರು ಸೊಸೆ ಎಂಬುದೂ ಅವನಿಗೆ ತಿಳಿಯದು. ಅಂಥವನು ಒಂದು ತಿಂಗಳಿನಿಂದ ದಿನಕ್ಕೆ ಮೂರು ಸಲ ಮಗ್ಗದ ಮನೆಯಿಂದ ಎದ್ದು ಬಂದು, ಮೈಗೆ ಹತ್ತಿದ ನೂಲಿನ ಧೂಳನ್ನು ಒರೆಸಿಕೊಳ್ಳುತ್ತ, ಒಂದೇ ಒಂದು ಜಾಹೀರಾತಿಗಾಗಿ ಟಿವಿಯ ಮುಂದೆ ನಿಲ್ಲತೊಡಗಿದ್ದ. ಬೂದುಬಣ್ಣದ ಹಡಗು, ದೂರದಲ್ಲಿ ತೆಂಗಿನ ಮರಗಳ ನಡುಗಡ್ಡೆ, ಅದರ ಮೇಲೆ ಏಳುವ ಹೊಗೆ. ನೌಕಾಪಡೆಯವರು ನಡುಗಡ್ಡೆಗಾಗಿ ಕಾದಾಡಿದ ಕಥೆಯಂತೆ. ರವಿವಾರ ಮುಂಜಾನೆ ಹತ್ತಕ್ಕೆ ಶುರು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು; ಓಣಿಯವರು ಮಾತ್ರ ‘ಹಡಗಿನ ಸೀರಿಯಲ್’ ಎಂದೇ ಕರೆದರು.

ಚಹಾದಂಗಡಿಯ ಈಶ್ವರನಿಗೆ ಇದೊಂದು ತಮಾಷೆಯಾಗಿತ್ತು. ಮಗ್ಗಗಳ ಸದ್ದಿನಿಂದಾಗಿ ಆ ಓಣಿಯಲ್ಲಿ ಎಲ್ಲರೂ ಒದರಿಯೇ ಮಾತಾಡುವುದು. ಅವನೂ ಒದರಿದ: “ಏನ್ ಮಲಕಾಜಪ್ಪಣ್ಣಾ, ಹೊಳಿ ದಾಟೂ ನಾವ್ಯಾಗ ಕಣ್ಣ ಮುಚ್ಕೊಂಡ ಕುಂದರಾಂವ, ಈಗ ಸಮುದ್ರದಾಗಿನ ಯುದ್ಧಾ ನೋಡ್ತೀಯಂತ?”

“ನೀ ಚಾಕ್ಕ ಸಕ್ರಿ ಹಾಕಲೇ. ಯುದ್ಧಾ ನಾ ನೋಡ್ಕೋತೇನಿ.”

“ಹುಷಾರು ಮತ್ತ. ಗುಂಡು ಟಿವಿ ಬಿಟ್ಟು ಹೊರಗ ಬಂದೀತು!”

ಮಲಕಾಜಪ್ಪ ನಕ್ಕ. ಆದರೆ ಆ ನಗುವಿನ ಹಿಂದೆ ಅಂಜಿಕೆಯಿತ್ತು. ಅದು ಅವನಿಗೊಬ್ಬನಿಗೇ ಗೊತ್ತು.

ಅವನ ಅಣ್ಣ ವೀರಣ್ಣ ಹದಿನೆಂಟಕ್ಕೆ ನೌಕಾಪಡೆ ಸೇರಿದವನು. ಹಡಗಿನಲ್ಲಿ ಅಡಿಗೆಯವನಾಗಿ ಹದಿನೈದು ವರ್ಷ ದುಡಿದು ಊರಿಗೆ ಬಂದ. ಜಮಖಂಡಿಯ ಬ್ಯಾಂಕೊಂದರಲ್ಲಿ ಕಾವಲಿನ ಕೆಲಸ ಸಿಕ್ಕಿತು. ಮಿತಭಾಷಿ. ಯಾರಾದರೂ “ಹಡಗದಾಗ ಹೆಂಗಿತ್ತು ವೀರಣ್ಣಾ” ಎಂದರೆ “ನೀರಿತ್ತು” ಅನ್ನುತ್ತಿದ್ದ, ಅಷ್ಟೇ. ಬಂದ ವರ್ಷದ ಶ್ರಾವಣದಲ್ಲಿ ಮಾತ್ರ ಅವನಿಗೆ ಏನಾಯಿತೋ. ದಿನಾ ಸಂಜೆ ಬಸ್ಸಿಳಿದು ನೇರ ತಮ್ಮನ ಮಗ್ಗದ ಮನೆಗೆ ಬಂದು, ನೂಲಿನ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕುಳಿತು, ಮಾತಾಡತೊಡಗಿದ. ಒಂದು ತಾಸು, ಕೆಲವೊಮ್ಮೆ ಒಂದೂವರೆ ತಾಸು. ಯಾವುದೋ ನಡುಗಡ್ಡೆಯ ಕಾಳಗ. ತಮ್ಮನ ಕಿವಿಗೆ ಬಿದ್ದದ್ದು ಅದೊಂದೇ.

ಯಾಕೆಂದರೆ ಆರು ಪಾವರ್‌ಲೂಮುಗಳು ಒಟ್ಟಿಗೆ ಬಡಿಯುವ ಕೋಣೆ ಅದು. ಮಾತಿಗಾಗಿ ಮಗ್ಗ ನಿಲ್ಲಿಸುವ ರೂಢಿ ಅಲ್ಲಿಲ್ಲ. ನಡುವೆ ನಿಂತ ಮಗ್ಗ ಮತ್ತೆ ಹೊರಟಾಗ ಸೀರೆಯ ಮೇಲೆ ತೆಳ್ಳನೆಯ ಅಡ್ಡಗೆರೆ ಮೂಡುತ್ತದೆ. ವ್ಯಾಪಾರಿಯ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಹಾಗಾಗಿ ಬಂದವರು ಮಾತಾಡುತ್ತಾರೆ, ನೇಯುವವನು ಗೋಣು ಹಾಕುತ್ತಾನೆ. ಕೇಳಿದರೂ ಹೂಂ, ಕೇಳದಿದ್ದರೂ ಹೂಂ. ಬೀಗರು ಬಂದು ಮದುವೆಯ ಸುದ್ದಿ ಹೇಳಿದರೂ ಹಾಗೆಯೇ, ಲೈನ್‌ಮನ್ ಬಂದು ಬೈದರೂ ಹಾಗೆಯೇ. ಅದರಲ್ಲೂ ಮಲಕಾಜಪ್ಪನ ಕಿವಿಗಳು ಮೂವತ್ತು ತುಂಬುವ ಮೊದಲೇ ಮಂದವಾಗಿದ್ದವು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅಣ್ಣನ ಮಾತಿಗೂ ಹೂಂಗುಟ್ಟಿದ. ಒಂದು ದಿನ ಮಗ್ಗ ನಿಂತಾಗ ಎಲ್ಲ ಮತ್ತೊಮ್ಮೆ ಕೇಳಿದರಾಯಿತು ಅಂದುಕೊಂಡ. ಆದರೆ ಕರೆಂಟು ಹೋಗಿ ಕೋಣೆ ಸ್ತಬ್ಧವಾದರೆ ವೀರಣ್ಣನೂ ಸ್ತಬ್ಧನಾಗುತ್ತಿದ್ದ. ಆಗ ‘ಅಣ್ಣಾ, ಮೊದಲಿಂದ ಹೇಳು’ ಎಂದಿದ್ದರೆ ಆಗುತ್ತಿತ್ತು. ಹತ್ತು ದಿನ ಹೂಂ ಅಂದವನು ಹನ್ನೊಂದನೆಯ ದಿನ ಹಾಗೆ ಕೇಳುವುದು ಹೇಗೆ? ನಾಚಿಕೆಯಾಯಿತು. ಶ್ರಾವಣ ಮುಗಿಯಿತು. ವೀರಣ್ಣ ಮಗ್ಗದ ಮನೆಗೆ ಬರುವುದನ್ನು ಬಿಟ್ಟ. ಆಮೇಲೆ ಮೂವತ್ತು ವರ್ಷ ಅವನು ಆ ಸುದ್ದಿ ತೆಗೆಯಲಿಲ್ಲ, ಇವನು ಕೇಳಲಿಲ್ಲ. ಎರಡು ವರ್ಷದ ಹಿಂದೆ ವೀರಣ್ಣ ಬ್ಯಾಂಕಿಗೆ ಹೋಗಿ ಪೆನ್ಶನ್ನಿನ ವರ್ಷದ ಪತ್ರಕ್ಕೆ ಸಹಿ ಮಾಡಿ ಬಂದವನು ಕಟ್ಟೆಯ ಮೇಲೆ ಕುಳಿತಲ್ಲೇ ಹೋಗಿಬಿಟ್ಟ.

ಹಡಗಿನ ಸೀರಿಯಲ್‌ನ ಜಾಹೀರಾತು ಮೊದಲ ಸಲ ಬಂದ ದಿನವೇ, ಒಂದೇ ಅಂಗಳದ ಆಚೆ ಮಗ್ಗುಲಿನಲ್ಲಿದ್ದ ಅತ್ತಿಗೆ ಶೇವಂತಿ ಬಂದು ಬಾಗಿಲಲ್ಲಿ ನಿಂತಳು.

“ಮಲಕಾಜಪ್ಪಾ, ಇದು ಇವರ ಹಡಗದ ಯುದ್ಧಾನ ಇರಬೇಕು ನೋಡು. ನಾ ಎಷ್ಟ ಕೇಳಿದ್ರೂ ‘ಎಲ್ಲಾ ತಮ್ಮಗ ಹೇಳೇನಿ, ಅಂವನ ಹತ್ರ ಐತಿ’ ಅಂತಿದ್ರು. ಗಂಡಸರ ಮಾತು, ನನಗ್ಯಾಕ ಅಂತ ನಾನೂ ಸುಮ್ಮನಾದೆ. ಈಗರ ನಿನ್ನ ಮಗ್ಗಲ ಕುಂತ ನೋಡ್ತೇನಿ. ಎಲ್ಲಿದ್ರು, ಏನ್ ಮಾಡಿದ್ರು, ಬಟ್ಟು ಮಾಡಿ ತೋರಸಬೇಕು ಮತ್ತ.”

ಮಲಕಾಜಪ್ಪ ಗೋಣು ಹಾಕಿದ.

ಅಂದಿನಿಂದ ಅವನು ಕಾದ. ಸೀರಿಯಲ್ ಬಂದರೆ ಅಣ್ಣ ಹೇಳಿದ್ದು ಏನಿರಬಹುದೆಂಬ ಸುಳಿವಾದರೂ ಸಿಕ್ಕೀತು; ಅದನ್ನೇ ಜೋಡಿಸಿ ಅತ್ತಿಗೆಗೆ ಹೇಳಿದರಾಯಿತು. ಅದು ಸುಳ್ಳಾಗುತ್ತದೆಯೇ? ಪೂರ್ತಿ ಸುಳ್ಳಾಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ರವಿವಾರ ಬಂತು. ಹತ್ತಕ್ಕೆ ಐದು ನಿಮಿಷವಿರುವಾಗ ಮಲಕಾಜಪ್ಪ ಆರೂ ಮಗ್ಗ ನಿಲ್ಲಿಸಿದ.

“ಇದೇನ್ರಿ, ಎಲ್ಲಾ ಬಂದ್ ಮಾಡಿ ಬಂದ್ರಿ? ಹಬ್ಬಾ ಐತೇನ್ ಇವತ್ತ?” ಎಂದಳು ನಂದಾ.

“ವೈನಿ ಬರ್ತಾರ, ಚಾಪಿ ಹಾಸು.”

ಶೇವಂತಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಬಂದು ಕುಳಿತಳು. ಟಿವಿಯಲ್ಲಿ ನಕಾಶೆ ಹರಡಿಕೊಂಡ ಅಧಿಕಾರಿಗಳು ಮಾತಾಡಿದರು, ಮೀಸೆಯ ನಾಯಕ ಹೆಂಡತಿಯ ಪತ್ರ ಓದಿದ, ಸೈರನ್ ಕೂಗಿತು. ಅರ್ಧ ತಾಸಾದರೂ ಅಡಿಗೆಮನೆ ಬರಲಿಲ್ಲ.

“ಇವರು ಎಲ್ಲೋ?” ಎಂದಳು ಶೇವಂತಿ.

“ತಡೀರಿ ವೈನಿ, ಬರ್ತೈತಿ.”

“ಇಷ್ಟ ಮಂದಿ ಯುದ್ಧಾ ಮಾಡ್ತಾರ, ಒಬ್ಬರೂ ಉಣ್ಣಂಗಿಲ್ಲೇನು?”

ನಂದಾ ಕಿಸಕ್ಕನೆ ನಕ್ಕಳು. ಶೇವಂತಿಯೂ ನಕ್ಕಳು, ಆದರೆ ಅವಳ ಕಣ್ಣು ಪರದೆ ಬಿಟ್ಟು ಅಲುಗಲಿಲ್ಲ. ಸಣ್ಣ ದೋಣಿಗಳು ನಡುಗಡ್ಡೆಯತ್ತ ಹೊರಟವು. ಅವಳು ಅತ್ತ ಬಾಗಿ, ಮತ್ತೆ ಮೈದುನನ ಮುಖ ನೋಡಿದಳು. ಆ ನೋಟ ತಡೆಯಲಾಗದೆ ಮಲಕಾಜಪ್ಪ ಬೆರಳೆತ್ತಿದ. “ಅಗೋ, ಹಿಂದಿನ ದೋಣ್ಯಾಗ ಕಟ್ಟಕಡೀಕ ಕುಂತಾನಲ್ರಿ. ಅಣ್ಣ ಅಲ್ಲೇ ಇದ್ದನಂತ.”

“ಖರೇನು?” ಶೇವಂತಿ ಮೊಣಕಾಲ ಮೇಲೆ ಎದ್ದು ಪರದೆಯ ಹತ್ತಿರ ಸರಿದಳು. “ತೆಳ್ಳಗ, ಇವರಂಗ ಅದಾನ ನೋಡ ನಂದಾ…”

ಅಷ್ಟರಲ್ಲಿ ದಂಡೆಯಿಂದ ಗುಂಡು ಹಾರಿದವು. ಕೊನೆಯಲ್ಲಿ ಕುಳಿತಿದ್ದ ಆ ಹುಡುಗ ಎದೆ ಹಿಡಿದುಕೊಂಡು ನೀರಿಗೆ ಉರುಳಿದ.

ಶೇವಂತಿ ತಿರುಗಿ ಮೈದುನನನ್ನು ನೋಡಿದಳು. “ಅಂವ ಸತ್ತನಲ್ಲೋ, ಮಲಕಾಜಪ್ಪಾ.”

ಅವನು ಎತ್ತಿದ ಕೈ ಇಳಿಸಿದ. “ನನಗ ಗೊತ್ತಿಲ್ಲ ವೈನಿ. ಅಣ್ಣ ಎಲ್ಲಿದ್ದ, ಏನ್ ಮಾಡಿದ, ಒಂದೂ ಗೊತ್ತಿಲ್ಲ. ಮಗ್ಗಾ ನಡದಿದ್ದವು. ನನಗ ಕೇಳಸ್ತಿರಲಿಲ್ಲ. ಬರೇ ಹೂಂ ಅಂದೇನಿ.”

“ಒಂದಿನಾನೂ ಕೇಳಿಲ್ಲ?”

“ಒಂದಿನಾನೂ ಇಲ್ರಿ.”

ನಂದಾ ಎದ್ದು ಟಿವಿ ಆರಿಸಿದಳು. ಪಕ್ಕದ ಮನೆಯ ಮಗ್ಗಗಳ ಸದ್ದು ಗೋಡೆ ದಾಟಿ ಬರುತ್ತಿತ್ತು. ಶೇವಂತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೈಯುತ್ತಾಳೆಂದು ಮಲಕಾಜಪ್ಪ ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

“ನಿನ್ನ ಹತ್ರ ಐತಿ ಅಂತ ಇದ್ದೆ ನಾ,” ಎಂದಳು ಅವಳು ಮೆಲ್ಲಗೆ. “ಇಷ್ಟ ದಿನಾ ಹಂಗಂತನ ಇದ್ದೆ. ಅಂದ್ರ ಈಗ ಯಾರ ಹತ್ರಾನೂ ಇಲ್ಲ.”

ಮಲಕಾಜಪ್ಪ ತನ್ನ ಕೈಗಳನ್ನು ನೋಡಿಕೊಂಡು ಹೇಳಿದ: “ಕೈ ನೋಡೇನಿ ವೈನಿ. ಹೇಳುವಾಗ ಅಣ್ಣನ ಕೈ ಆಡ್ತಿದ್ದವು. ಅಷ್ಟ ನೆನಪೈತಿ.”

“ತೋರಸು.”

ಅವನು ಚಾಪೆಯ ಮೇಲೆ ಅವಳೆದುರು ಕುಳಿತ. ದೊಡ್ಡ ಪಾತ್ರೆಯಿಂದ ಏನನ್ನೋ ತೋಡಿ ಸಾಲಾಗಿ ನೀಡುವಂತೆ ಬಲಗೈ ಆಡಿಸಿದ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಎಣಿಸಿದ. ಎಂಟಕ್ಕೆ ನಿಂತ. ಮತ್ತೆ ಎಲ್ಲ ಬಿಚ್ಚಿ ಮೊದಲಿನಿಂದ ಎಣಿಸಿದ. ಈ ಸಲ ಐದಕ್ಕೇ ನಿಂತ. ಮಡಚದೆ ಉಳಿದವುಗಳಲ್ಲಿ ಮೂರು ಬೆರಳುಗಳನ್ನು ಎದುರಿಗೆ ಹಿಡಿದು, ಏನೋ ಕೇಳುವವನಂತೆ ಹುಬ್ಬೇರಿಸಿದ.

ಶೇವಂತಿ ಆ ಬೆರಳುಗಳತ್ತ ಬಾಗಿದಳು. “ಆಮ್ಯಾಲ?”

ಮಲಕಾಜಪ್ಪನ ಕೈಗಳು ಹಾಗೇ ಗಾಳಿಯಲ್ಲಿ ನಿಂತವು.

“ಆಮ್ಯಾಲ ಎಳಿ ಹರೀತು ವೈನಿ. ನಾ ಮಗ್ಗದ ಕಡೆ ತಿರುಗಿದೆ.”