ಅಂಚೆಯಕ್ಕನ ಸ್ವಂತ ಪಾರ್ಸೆಲ್

ಬೀದಿ ಬೀದಿ ಸುತ್ತಿ ಕಂಡವರ ಮನೆಗೆಲ್ಲ ಪಾರ್ಸೆಲ್ ಮುಟ್ಟಿಸುವ ಅಂಚೆಯಕ್ಕನಿಗೆ ತನ್ನ ಹೆಸರಿಗೆ ಅಂತ ಒಂದು ಪೊಟ್ಟಣವೂ ಬಂದಿರಲಿಲ್ಲ. ಬಂದದ್ದು ಬಿಸಿಲು ಮಾತ್ರ. ಅದು ಎರಡೂ ಕೆನ್ನೆಗೆ ಕಪ್ಪು ಬಂಗು ಬಳಿದಿತ್ತು.

ಪೇಟೆಯ ಸನ್‌ಸ್ಕ್ರೀನ್ ಹಚ್ಚಿದರೆ ಮುಖ ಬೂದಿ ಮೆತ್ತಿದಂತಾಗುತ್ತಿತ್ತು, ಬೆವರಿನ ಜೊತೆ ಕಣ್ಣಿಗಿಳಿದು ಉರಿಯುತ್ತಿತ್ತು. ಉರಿಯದಂಥದ್ದನ್ನು ಮಾರುವ ಪರದೇಶದ ಅಂಗಡಿಯೊಂದನ್ನು ಮೊಬೈಲಿನಲ್ಲಿ ಹುಡುಕಿದಳು. ನಿಮ್ಮ ದೇಶಕ್ಕೆ ಕಳಿಸುವುದಿಲ್ಲ ಎಂದಿತು ಅಂಗಡಿ.

“ಕಳಿಸಲ್ವಂತೆ! ಪಾರ್ಸೆಲ್ ದಾರೀನ ನನಗೇ ಹೇಳಿಕೊಡ್ತಾರಾ ಇವ್ರು?”

ಆ ದೇಶದಲ್ಲೇ ಗೋದಾಮು ಇಟ್ಟುಕೊಂಡು, ಅಲ್ಲಿಗೆ ಬಂದ ಸಾಮಾನನ್ನು ಇಲ್ಲಿಗೆ ರವಾನಿಸುವ ಕಂಪನಿಗಳು ಅವಳಿಗೆ ಗೊತ್ತಿದ್ದವು. ಅವರ ಡಬ್ಬ ಹೊತ್ತೇ ಅವಳ ಹೆಗಲು ಜಡ್ಡುಗಟ್ಟಿತ್ತು. ಅಂಥದ್ದೊಂದು ಗೋದಾಮಿನ ವಿಳಾಸ ಪಡೆದು, ಅದನ್ನೇ ಅಂಗಡಿಗೆ ಕೊಟ್ಟಳು.

ಡಬ್ಬ ಬಂದು ಅವಳ ಚೀಲಕ್ಕೇ ಬಿತ್ತು. ಅಲ್ಲೇ ಬಿಚ್ಚಬಹುದಿತ್ತು, ಬಿಚ್ಚಲಿಲ್ಲ. ಸರದಿಯಂತೆ ಹಂಚುತ್ತ ಬಂದು, ತನ್ನ ಮನೆಯ ಮುಂದೆಯೂ ನಿಂತು ಗಂಟೆ ಒತ್ತಿದಳು. ಬಾಗಿಲು ತೆರೆದದ್ದು ಅತ್ತೆ.

“ಪಾರ್ಸೆಲ್. ಸಹಿ ಹಾಕಿ.”

ಅತ್ತೆ ಮೇಲಿನ ಚೀಟಿ ಓದಿ ಮೂಗು ಮುರಿದರು. “ಮುಖಕ್ಕೆ ಹಚ್ಚೋದಾ? ಮಗಳ ಮದುವೆ ಮಾಡಿ ಆಯ್ತು. ಇನ್ನು ನಿನ್ನ ಮೂತಿ ಯಾರು ನೋಡ್ಬೇಕು?”

“ಬಿಸಿಲು ನೋಡುತ್ತಲ್ಲ ಅತ್ತೆ. ದಿನಾ ಬೆಳಗ್ಗೆಯಿಂದ ಸಂಜೆ ತನಕ ಅದೇ ಕೆಲಸ ಅದಕ್ಕೆ,” ಎಂದು ಅಂಚೆಯಕ್ಕ ಪೆನ್ನು ಚಾಚಿದಳು. “ಬೇಗ ಹಾಕಿ. ಪಕ್ಕದ ಮನೆಗೂ ಒಂದಿದೆ.”