ಮಾತೇ ಆಡದ ಜಗಳ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಚರ್ಚಿನಲ್ಲಿ ಎಲ್ಲರೂ ಸೂಜಿ ಬಿದ್ದರೂ ಕೇಳುವಂತೆ ಕೂತಿರಬೇಕಾದ ಹೊತ್ತಿನಲ್ಲಿ, ಇಡೀ ಸಭೆ ಚಿಪ್ಸ್ ಪೊಟ್ಟಣ ಒಡೆದ ಹಾಗೆ ಚರಚರ ಸದ್ದು ಮಾಡಿತು.

ಖುಷಿಪಟ್ಟವಳು ನಾನೊಬ್ಬಳೇ.

ಕಾರಣ ಇದೆ. ಬನಶಂಕರಿಯ ನಮ್ಮ ಚರ್ಚಿನಲ್ಲಿ ತಿಂಗಳ ಮೊದಲನೇ ಭಾನುವಾರ ಪ್ರಭು ಭೋಜನ. ನಮಗಾಗಿ ಪ್ರಾಣ ಕೊಟ್ಟ ಯೇಸುವಿನ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆ ರಸ ಮೂವತ್ತು ವರ್ಷ ನನ್ನ ಒಲೆಯ ಮೇಲೇ ಆಗುತ್ತಿತ್ತು. ಶನಿವಾರ ಒಣದ್ರಾಕ್ಷಿ ನೆನೆಸಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದೆ. ಪುಟ್ಟ ಪುಟ್ಟ ಗಾಜಿನ ಲೋಟಕ್ಕೆ ತುಂಬುವುದೂ ನಾನೇ. (ಓದು ಮೂರನೇ ಕ್ಲಾಸಿಗೆ ನಿಂತವಳಿಗೆ ಚರ್ಚಿನಲ್ಲಿ ಇನ್ಯಾವ ಹುದ್ದೆ ಸಿಗುತ್ತದೆ ಹೇಳಿ?)

ಒಂದು ಸಂಜೆ ಚರ್ಚಿನ ಹೊಸ ಸೆಕ್ರೆಟರಿ ಬ್ಯೂಲಾ ಮನೆಗೆ ಬಂದಳು. ಇಪ್ಪತ್ತೆಂಟರ ಹುಡುಗಿ. ನಾನು ಎತ್ತಿ ಆಡಿಸಿದವಳು.

"ರೂತಜ್ಜಿ, ಇನ್ಮೇಲೆ ನೀವು ಕಷ್ಟಪಡೋದು ಬೇಡ. ಸೀಲ್ ಮಾಡಿರೋ ಕಪ್ ಬರುತ್ತೆ. ಮೇಲಿನ ಫಾಯಿಲ್ ತೆಗೆದ್ರೆ ರೊಟ್ಟಿ, ಕೆಳಗಿಂದು ತೆಗೆದ್ರೆ ಜ್ಯೂಸ್. ಫುಲ್ ಹೈಜೀನಿಕ್."

"ಅಂದ್ರೆ ನನ್ನ ಕೈ ಗಲೀಜಾ?"

"ಅಯ್ಯೋ, ಹಾಗಂದ್ನಾ ಅಜ್ಜಿ?"

"ನಿಮ್ಮಮ್ಮ ನಿನ್ನ ಹೊತ್ಕೊಂಡು ಕುಡಿದಿದ್ದೂ ಇದೇ ಕೈ ರಸ. ಏನಾಗಿದೆ ನಿನಗೆ? ಗುಂಡುಕಲ್ಲಿನ ಹಾಗಿದ್ದೀಯ."

ಕಾಫಿ ಕೊಡದೆ ಕಳಿಸಿದೆ. ಆಮೇಲೆ ನಾಲ್ಕು ವಾರ ಮಾತಿಲ್ಲ. ಅವಳು ಎದುರಾಗಿ "ಸ್ತೋತ್ರ ಅಜ್ಜಿ" ಎಂದು ಕೈ ಮುಗಿದರೆ ನಾನು ಫ್ಯಾನ್ ನೋಡುತ್ತಿದ್ದೆ.

ಚರ್ಚಿಗೆ ಡ್ರಮ್ಸ್ ಬಂತು, ಸುಮ್ಮನಿದ್ದೆ. ಹಾಡಿನ ಪುಸ್ತಕ ಹೋಗಿ ಗೋಡೆಯ ಮೇಲೆ ಅಕ್ಷರ ಓಡತೊಡಗಿತು, ಸುಮ್ಮನಿದ್ದೆ. ಪಾಸ್ಟರ್ ಜೀನ್ಸ್ ಹಾಕಿದರು, ಹಾಕಿಕೊಳ್ಳಲಿ ಬಿಡಿ ಎಂದೆ. ನನ್ನ ಒಲೆಯ ಬುಡಕ್ಕೆ ಬಂದಾಗ ಮಾತ್ರ ಧರ್ಮವೇ ಕೆಟ್ಟುಹೋಯಿತು ಅನ್ನಿಸಿತು. ಯಾಕೋ?

ಆ ಭಾನುವಾರ ಬಂತು. ರೊಟ್ಟಿ ಮುಟ್ಟುವ ಮುಂಚೆ ಪಾಸ್ಟರ್ ಒಂದು ನಿಮಿಷ ಬಿಡುತ್ತಾರೆ. ಯಾರ ಜೊತೆಗಾದರೂ ಮನಸ್ತಾಪ ಇದ್ದರೆ ಮೊದಲು ಹೋಗಿ ಸರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಟ್ಟಬಾರದು. ನನ್ನ ತಾತನ ಕಾಲದಿಂದ ನಡೆದುಬಂದದ್ದು. ನಾನೂ ಕಣ್ಣು ಮುಚ್ಚಿ ಒಳಗೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಜಗಳ ಆಡಿದವರಿಗೆ ತಾನೇ ಇದು? ನಾನು ಮಾತೇ ಆಡಿಲ್ಲವಲ್ಲ!

ಕಪ್ ಹಂಚಿದರು. ಚರಚರ ಶುರುವಾಯಿತು. ಎರಡು ಫಾಯಿಲನ್ನೂ ಒಟ್ಟಿಗೆ ಎಳೆದ ಪಕ್ಕದ ಸಾಲಿನ ಡೇನಿಯಲ್‌ನ ಬಿಳಿ ಶರ್ಟು ನೇರಳೆ ಬಣ್ಣಕ್ಕೆ ತಿರುಗಿತು. ಯಾರದೋ ರೊಟ್ಟಿ ಹಾರಿ ಮುಂದಿನವರ ಜಡೆಯಲ್ಲಿ ಕೂತಿತು. ಪಾಸ್ಟರ್ ತಮ್ಮ ಕಪ್ಪನ್ನು ಹಲ್ಲಿನಿಂದ ಕಚ್ಚಿ ಎಳೆದರು. ಮೈಕ್ ಆನ್ ಇತ್ತು.

ನನ್ನ ಹೊಟ್ಟೆಯೊಳಗೆ ಕ್ರಿಸ್ಮಸ್!

ಆಗ ಬ್ಯೂಲಾ ಬಂದು ನನ್ನ ಬೆಂಚಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅವಳ ಕೈಯ ಕಪ್ಪಿನ ಸೀಲ್ ಹಾಗೇ ಇತ್ತು.

"ತೆಗಿಯಕ್ಕೆ ಬರಲ್ವಾ ನಿನಗೂ?" ಎಂದೆ. ನಾಲ್ಕು ವಾರದ ಮೇಲೆ ಆಡಿದ ಮೊದಲ ಮಾತು.

"ತೆಗೀಬಾರ್ದು ಅಜ್ಜಿ. ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರ. ನಾನು ಹೇಗೆ ತಗೊಳ್ಳಲಿ?"

"ನಾನೆಲ್ಲೇ ಜಗಳ ಆಡ್ದೆ? ಮಾತೇ ಆಡಿಲ್ಲ."

"ಅದೇ ಅಜ್ಜಿ."

ಎರಡೇ ಮಾತು. ಕಪಾಳಕ್ಕೆ ಬಿದ್ದ ಹಾಗಾಯಿತು. ಇವಳು ನನಗೋಸ್ಕರ ಪ್ರಭುವಿನ ರೊಟ್ಟಿ ಮುಟ್ಟದೆ ಕೂತಿದ್ದಾಳೆ. ನಾನು? ಇವಳು ಸೋತದ್ದಕ್ಕೆ ಹಬ್ಬ ಮಾಡುತ್ತ, ಆರಾಮವಾಗಿ ನುಂಗಲು ಹೊರಟಿದ್ದೆ.

ಹಳೆಯದೊಂದು ಸಂಗತಿ ಹೇಳಿಬಿಡುತ್ತೇನೆ. ಮುಂಚೆ ಎಲ್ಲರೂ ಒಂದೇ ಹಿತ್ತಾಳೆ ಬಟ್ಟಲಿನಿಂದ ಕುಡಿಯುತ್ತಿದ್ದರು. ಗಾಜಿನ ಲೋಟ ಬಂದಾಗ ನಮ್ಮತ್ತೆ ಮೂರು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ. "ದೇವರೇನು ಬಟ್ಟಲಲ್ಲಿ ಕೂತಿದ್ದಾನಾ ಅತ್ತೆ?" ಎಂದು ಕೇಳಿದ ಸೊಸೆ ಯಾರು ಅಂದುಕೊಂಡಿರಿ? ನಾನೇ. ದೇವರು ಅವತ್ತೂ ಬಟ್ಟಲಲ್ಲಿ ಕೂತಿರಲಿಲ್ಲ, ನನ್ನ ಪಾತ್ರೆಯಲ್ಲೂ ಕೂತಿರಲಿಲ್ಲ. ಆತ ಇದ್ದ ಹಾಗೇ ಇದ್ದಾನೆ. ಮುದುಕಿಯಾದವಳು ನಾನು.

ತಪ್ಪಾಯ್ತು ಎನ್ನಬೇಕಿತ್ತು. ಅದರ ಬದಲು "ಕೊಡು ಇಲ್ಲಿ" ಎಂದು ಕಪ್ ಕಿತ್ತುಕೊಂಡೆ. ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಗುರಿನಿಂದ ನಿಧಾನಕ್ಕೆ ಎಬ್ಬಿಸಿದರೆ ಒಂದು ಹನಿ ಚೆಲ್ಲದೆ ಬಿಚ್ಚಿಕೊಂಡಿತು. ಅವಳ ಕೈಗಿಟ್ಟೆ. ಹುಡುಗಿ ಅಳುತ್ತ ನಗತೊಡಗಿದಳು.

ಹಿಂದಿನ ಬೆಂಚಿನಿಂದ ಕೈ ಬಂತು. "ರೂತಮ್ಮ, ನಮ್ದೂ ತೆಗಿಯಮ್ಮ." ಆಮೇಲೆ ಪಕ್ಕದ ಬೆಂಚು. ಕೊನೆಗೆ ಪಾಸ್ಟರೇ ಹಲ್ಲಿನ ಗುರುತು ಬಿದ್ದ ಕಪ್ ಹಿಡಿದು ಇಳಿದು ಬಂದರು. ಸಭೆಯೆಲ್ಲ ನಗು. ಪ್ರಭು ಭೋಜನದಲ್ಲಿ ಅಷ್ಟು ನಕ್ಕದ್ದನ್ನು ನಾನು ಕಂಡಿಲ್ಲ. ರಸ ಕೆಮ್ಮಿನ ಔಷಧಿಯ ಹಾಗಿತ್ತು. ಇಳಿದದ್ದು ಮಾತ್ರ ಅಮೃತದ ಹಾಗೆ.

ಕಪ್ ಇವತ್ತಿಗೂ ಅದೇ. ನನ್ನ ಒಲೆಗೆ ರಿಟೈರ್‌ಮೆಂಟ್. ಬಿಚ್ಚಿಕೊಡುವುದು ಈಗ ನನ್ನ ಹುದ್ದೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸಕೆರೆಹಳ್ಳಿಗೆ ಹೋಗಿ ಬ್ಯೂಲಾಳ ಬಾಗಿಲು ಬಡಿದೆ. ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ತೆಗೆದಳು, ಅವಳು ಉಗಿದು ಬರುವ ತನಕ ಕಾದರೆ ನನ್ನ ಧೈರ್ಯ ಎಲ್ಲಿ ಇಳಿದುಹೋಗುತ್ತದೋ ಎಂದು ನಿಂತಲ್ಲೇ ಹೇಳಿಬಿಟ್ಟೆ, "ತಪ್ಪಾಯ್ತು ಕಣೇ."