ಬಾಗಿಲಲ್ಲಿ ಮೂರು ಕೂಗು

ಕೋರ್ಟಿನಲ್ಲಿ ಎಲ್ಲರೂ ಅವನನ್ನು ಕಹಳೆ ಎಂದೇ ಕರೆಯುತ್ತಿದ್ದರು. ಮೂರನೇ ಮಹಡಿಯ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಆರೋಪಿಗಳ, ಸಾಕ್ಷಿಗಳ ಹೆಸರು ಕೂಗುವುದೇ ಇಪ್ಪತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಮನೆಯಲ್ಲೂ ಮೆಲ್ಲಗೆ ಮಾತಾಡಿ ಗೊತ್ತಿಲ್ಲದ ಆಸಾಮಿ. ಟವೆಲ್ ಕೊಡೇ ಎಂದು ಬಚ್ಚಲಿನಿಂದ ಅರಚಿದರೆ, ಇನ್ನೆರಡು ಸಲ ಕೂಗಿ ವಾರಂಟ್ ಹೊರಡಿಸಿಬಿಡಿ ಎಂದು ಹೆಂಡತಿ ಒಲೆ ಮುಂದಿನಿಂದಲೇ ಹಂಗಿಸುತ್ತಿದ್ದಳು.

ಮೂರು ಸಲ ಕೂಗಬೇಕು, ಅದು ಪದ್ಧತಿ. ಮೂರಕ್ಕೂ ಓಗೊಡದಿದ್ದರೆ ಗೈರುಹಾಜರಿ. ಜಾಮೀನಿನ ಮೇಲೆ ಹೊರಗಿದ್ದವರ ಜಾಮೀನು ರದ್ದು, ಮೇಲೆ ವಾರಂಟ್. ಆದರೆ ಓಗೊಡಬೇಕಾದವರು ಇರುತ್ತಿದ್ದುದೆಲ್ಲಿ? ಮೇಲಿನ ಬೆಂಚುಗಳು ವಕೀಲರಿಗೆ, ಇಸ್ತ್ರಿ ಅಂಗಿಯವರಿಗೆ. ಮಾಸಿದ ಬಟ್ಟೆಯವರನ್ನು ಮೆಟ್ಟಿಲ ಬಳಿಯ ಪೇದೆ, ಕೂಗಿದಾಗ ಬಾ ಹೋಗು ಎಂದು ಅಂಗಳಕ್ಕೆ ಅಟ್ಟುತ್ತಿದ್ದ. ಕೂಗುವುದು ಮೂರನೇ ಮಹಡಿಯಲ್ಲಿ, ಕೇಳಬೇಕಾದ ಕಿವಿ ಸೈಕಲ್ ಸ್ಟ್ಯಾಂಡಿನ ಪಕ್ಕ! ಈ ಏರ್ಪಾಡು ಮಾಡಿದ ಬುದ್ಧಿವಂತ ಯಾವನೋ, ಅವನ ಬಾಯಿಗೆ ಮಣ್ಣು ಬೀಳ. ಹಾಗಾಗಿ ಕಹಳೆ ಎರಡು ಕೂಗು ಬಾಗಿಲಲ್ಲಿ ಹಾಕಿ, ಮೂರನೆಯದಕ್ಕೆ ಮೆಟ್ಟಿಲಿಳಿದು ಅಂಗಳಕ್ಕೆ ಹೋಗುತ್ತಿದ್ದ. ಯಾರೂ ಹೇಳಿದ್ದಲ್ಲ, ಅವನೇ ಮಾಡಿಕೊಂಡ ರೂಢಿ. ಮಂಡಿ ನೋಯುತ್ತಿತ್ತು, ಗೊಣಗುತ್ತಿದ್ದ, ಆದರೂ ಇಳಿಯುತ್ತಿದ್ದ.

ಆ ಮೂರನೇ ಕೂಗಿಗೆ ಎದ್ದು ಬರುತ್ತಿದ್ದವರಲ್ಲಿ ಮನೆಗೆಲಸದ ಹೆಂಗಸೊಬ್ಬಳಿದ್ದಳು. ಕೆಲಸದ ಮನೆಯಲ್ಲಿ ಸರ ಕದ್ದಳೆಂದು ಕೇಸು. ಗಂಡನಿಲ್ಲ, ಶಾಲೆಗೆ ಹೋಗುವ ಮಗಳೊಬ್ಬಳು. ಹನ್ನೊಂದು ವಾಯಿದೆಗೂ ಕೋರ್ಟ್ ತೆರೆಯುವ ಮುಂಚೆಯೇ ಬಂದು ಕೂತಿದ್ದಳು. ಅಣ್ಣ, ನೀವು ಇಳಿದು ಬರ್ತೀರಲ್ಲ, ಅದೇ ನಂಗೆ ಧೈರ್ಯ ಎಂದು ಒಮ್ಮೆ ಹೇಳಿದ್ದಳು. ಅವನು ಉಬ್ಬಿಹೋಗಿ, ಅದನ್ನು ಹೆಂಡತಿಗೆ ಎರಡು ಸಲ ಹೇಳಿದ್ದ.

ಆಮೇಲೆ ಹೊಸ ಶಿರಸ್ತೇದಾರ ಬಂದ. ಕಚೇರಿಯ ಗುಮಾಸ್ತರಿಗೆಲ್ಲ ಅವನೇ ಯಜಮಾನ. ಈ ಹತ್ತುವುದು ಇಳಿಯುವುದರಿಂದ ಕೋರ್ಟಿನ ಹೊತ್ತು ದಂಡವಾಗುತ್ತಿದೆ, ಬಾಗಿಲು ಬಿಟ್ಟು ಕದಲಕೂಡದು ಎಂದು ಮೆಮೊ ಕೊಟ್ಟ. ನಿವೃತ್ತಿಗೆ ಎಂಟು ತಿಂಗಳಿತ್ತು. ಕಹಳೆ ಸಹಿ ಹಾಕಿದ. ಮಾರನೆಯ ದಿನವೇ ಅವಳ ಹನ್ನೆರಡನೇ ವಾಯಿದೆ. ಅಂಗಳದವರಿಗೆ ವಿಷಯ ತಿಳಿಸಬೇಕೆಂದುಕೊಂಡಿದ್ದವನು, ಬೆಳಿಗ್ಗೆ ಮುಖ ತೋರಿಸಲಾಗದೆ ಹಿಂಬಾಗಿಲಿನಿಂದ ಮೇಲೆ ಹೋದ.

ಅವಳ ಸರದಿ ಬಂತು. ಬಾಗಿಲಿಂದ ಎರಡು ಹೆಜ್ಜೆಗೆ ಕಿಟಕಿ. ಗಾಜಿನಾಚೆ ಅವಳು ಕಾಣುತ್ತಿದ್ದಳು: ಕಲ್ಲಿನ ಮೇಲೆ ಕೂತು, ಮಡಿಲಲ್ಲಿ ಚೀಲ, ಕಣ್ಣೆಲ್ಲ ಮೆಟ್ಟಿಲ ಕಡೆ. ಒಂದು ಕೂಗು ಹಾಕಿದ. ಎರಡು. ಶಿರಸ್ತೇದಾರ ಕನ್ನಡಕದ ಮೇಲಿಂದ ನೋಡುತ್ತಿದ್ದ. ಕಿಟಕಿ ತೆಗೆದು ತಲೆ ಹೊರಹಾಕಿದ್ದರೆ ಸಾಕಿತ್ತು. ಎರಡೇ ಹೆಜ್ಜೆ! ಹಾಳಾದ ಕಾಲು ಏಳಲಿಲ್ಲ. ಮೂರನೆಯದನ್ನು ಗಂಟಲು ಹರಿಯುವಂತೆ ಎದುರಿನ ಗೋಡೆಗೆ ಕೂಗಿದ. ಅವಳಿಗೆಂದು ಸರ್ಕಾರ ಕೊಟ್ಟಿದ್ದ ಬಿಟ್ಟಿ ವಕೀಲ ಇನ್ಯಾವುದೋ ಕೋರ್ಟಿನಲ್ಲಿದ್ದ. ವಾರಂಟ್ ಆಯಿತು.

ಮಧ್ಯಾಹ್ನ ಅಂಗಳ ಖಾಲಿಯಾದ ಮೇಲೆ, ತನ್ನ ಹೆಸರೇ ಬರಲಿಲ್ಲವಲ್ಲ ಎಂದು ಅವಳೇ ಹತ್ತಿ ಬಂದಳು. ಬೆಳಿಗ್ಗೆಯಿಂದ ಕೆಳಗೇ ಇದ್ದೆ ಎಂದು ಕೈಮುಗಿದಳು. ನ್ಯಾಯಾಧೀಶರು ಕೆಟ್ಟವರೇನಲ್ಲ. ಕಹಳೆಯತ್ತ ತಿರುಗಿ ಕೇಳಿದರು.

"ಮೂರು ಸಲ ಕೂಗಿದ್ಯಾ?"

"ಕೂಗಿದೆ ಸ್ವಾಮಿ."

ಸುಳ್ಳಲ್ಲ. ಅಷ್ಟು ಹೊಲಸಾದ ನಿಜವನ್ನು ಅವನು ಜನ್ಮದಲ್ಲಿ ನುಡಿದಿರಲಿಲ್ಲ. ಹೊಸದಾಗಿ ಜಾಮೀನು ನಿಲ್ಲುವವರು ಸಿಗುವವರೆಗೆ ಜೈಲು ಎಂದಾಯಿತು. ಅವಳಿಗೆ ಯಾರು ಸಿಗುತ್ತಾರೆ?

ಮಹಿಳಾ ಪೇದೆ ತೋಳು ಹಿಡಿದು ಕರೆದೊಯ್ಯುವಾಗ ಅವಳು ಬಾಗಿಲಲ್ಲಿ ನಿಂತಳು. ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ ಅವಳು ಕೂತಿದ್ದ ಕಲ್ಲು ಕಾಣುತ್ತಿತ್ತು. ಅದನ್ನು ನೋಡಿದಳು, ಅವನನ್ನು ನೋಡಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಇಲ್ಲಿಂದ ನಾನು ಕಾಣ್ತಿದ್ನಲ್ಲ ಅಣ್ಣ," ಎಂದಳು. "ಮಗಳು ಸ್ಕೂಲಿಂದ ಬಂದು ಕಾಯ್ತಿರ್ತಾಳೆ. ಅವಳಿಗಾದ್ರೂ ಹೋಗಿ ಹೇಳಿ."

ಸಂಜೆ ಹೋದ. ಒಂದೇ ಕೋಣೆಯ ಮನೆ. ಹುಡುಗಿ ಹೊಸ್ತಿಲಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಕಹಳೆ ಅವಳ ಮುಂದೆ ನಿಂತು ಹೇಳಿದ. ತುಟಿ ಅಲ್ಲಾಡಿತು ಅಷ್ಟೇ.

"ಏನಂದ್ರಿ ತಾತ?" ಎಂದಳು ಹುಡುಗಿ. "ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಹೇಳಿ."